ನಾಲ್ಕೂವರೆ ಕಾಜಾ

ಆ ಬೀದಿಯ ದರ್ಜಿಗಳೆಲ್ಲ ಅವಳನ್ನು ಕಾಜಕ್ಕ ಎಂದೇ ಕರೆಯುತ್ತಿದ್ದರು. ಬಟ್ಟೆ ಕತ್ತರಿಸುವುದು, ಹೊಲಿಯುವುದು, ಇಸ್ತ್ರಿ ಮಾಡುವುದು ಬೇರೆಯವರ ಪಾಲು. ಗುಂಡಿ ತೂರುವ ಕಂಡಿಯ ಸುತ್ತ ದಾರದ ಅಂಚು ಕಟ್ಟುವುದು, ಅಂದರೆ ಕಾಜಾ ಹಾಕುವುದು, ಅದೊಂದೇ ಅವಳ ಕಸುಬು. ಬೆಳಗ್ಗೆ ಎಂಟಕ್ಕೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರೆ ಬಿಸಿಲು ಎದುರು ಮನೆಯ ಗೋಡೆ ಹತ್ತುವವರೆಗೆ ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ. ಮೆಷಿನ್ನಿಗೆ ಒಂದು ಕಾಜಾ ಅರ್ಧ ನಿಮಿಷದ ಮಾತು, ಅವಳಿಗೆ ಇಪ್ಪತ್ತು ನಿಮಿಷ. ಆದರೂ ಒಳ್ಳೆಯ ಕೋಟು ಅಂದಮೇಲೆ ಅದು ಅವಳ ಮಡಿಲಿಗೇ ಬಂದು ಬೀಳಬೇಕು. ಮೆಷಿನ್ ಕಾಜಾ ಕಂಡರೆ ಅವಳಿಗೆ ಮೈಯೆಲ್ಲ ಉರಿ. "ಅದು ಕಾಜಾ ಅಲ್ಲ, ಬಟ್ಟೆಗೆ ಹಾಕಿದ ಬರೆ," ಅನ್ನುತ್ತಿದ್ದಳು.

ಕೈಗುಣ ಬಂದದ್ದು ಅಪ್ಪನಿಂದ. ಅಪ್ಪ ಎಡಚರು. ಕಿಟಕಿಯ ಆ ಬದಿ ಅಪ್ಪ, ಈ ಬದಿ ಇವಳು, ಎದುರುಬದುರು ಕೂತು ಕಲಿತದ್ದು. ಎಡಗೈಯವರ ಎದುರು ಕೂತ ಬಲಗೈ ಹುಡುಗಿಗೆ ಎಲ್ಲ ಕನ್ನಡಿಯಲ್ಲಿ ಕಂಡ ಹಾಗೇ ಕಂಡು, ಕಲಿಯುವುದು ಸಲೀಸಾಯಿತು. ಒಂದೇ ವ್ಯತ್ಯಾಸ. ಇವಳ ದಾರದ ಗಂಟುಗಳು ಒಂದು ಕಡೆಯಿಂದ ಸುತ್ತಿ ಬಂದರೆ ಅಪ್ಪನವು ಇನ್ನೊಂದು ಕಡೆಯಿಂದ ಬರುತ್ತಿದ್ದವು. ಕಣ್ಣಿಗೆ ಅದು ಸುಲಭಕ್ಕೆ ಕಾಣುವುದಿಲ್ಲ, ಹೆಬ್ಬೆರಳಿಗೆ ಗೊತ್ತಾಗುತ್ತದೆ.

ಅಪ್ಪನದು ಒಂದೇ ಕಟ್ಟಳೆ: ಕಾಜಾ ಅರ್ಧಕ್ಕೆ ಬಿಟ್ಟು ಏಳಬಾರದು. ಕತ್ತರಿಸಿದ ಬಟ್ಟೆ ಎಳೆ ಬಿಡುತ್ತದೆ, ನಡುವೆ ನಿಂತ ದಾರದ ಬಿಗಿ ಮತ್ತೆ ಸರಿಹೋಗುವುದಿಲ್ಲ. ಅಡುಗೆಮನೆಯಿಂದ ಅಮ್ಮ ಕೂಗುತ್ತಿದ್ದಳು, "ಚಹಾ ಆರ್ತಾ ಇದೆ!" ಅಪ್ಪ ತಲೆ ಎತ್ತದೆ ಹೇಳುತ್ತಿದ್ದರು, "ಇನ್ನರ್ಧ ಕಾಜಾ." ಆ ಮನೆಯಲ್ಲಿ ಹೊತ್ತು ಅಳೆಯುತ್ತಿದ್ದುದೇ ಹಾಗೆ. ಆ ಅರ್ಧ ಕಾಜಾದಲ್ಲಿ ಎಷ್ಟು ಲೋಟ ಚಹಾ ತಣ್ಣಗಾದವೋ ಆ ದೇವರೇ ಬಲ್ಲ.

ಅವಳಿಗೆ ಹನ್ನೊಂದು ತುಂಬಿದ ವರ್ಷ ಒಂದು ಬೆಳಗ್ಗೆ ಅದೇ ಚಹಾದ ವಿಷಯಕ್ಕೆ ಅಪ್ಪ ಅಮ್ಮನ ನಡುವೆ ಮಾತಿಗೆ ಮಾತು ಬೆಳೆಯಿತು. ಅಪ್ಪ ಕೈಲಿದ್ದ ಕಾಜಾ ಮುಗಿಸಿ, ದಾರ ಕಡಿದು, ಚಪ್ಪಲಿ ಮೆಟ್ಟಿ, "ಹೋಗ್ತೀನಿ" ಅಂದರು. ದಿನಾ "ಬರ್ತೀನಿ" ಅನ್ನುತ್ತಿದ್ದವರು ಅವತ್ತು ಸಿಟ್ಟಿಗೆ "ಹೋಗ್ತೀನಿ" ಅಂದುಬಿಟ್ಟರು. ಮತ್ತೆ ಬರಲಿಲ್ಲ.

ಅದು ಇಸ್ತ್ರಿ ಸಾಹೇಬನ ಕಾಲ. ಊರಾಚೆ ದಿಣ್ಣೆಯ ಮೇಲಿನ ಜೈಲು ಅವನ ಕೈಯಲ್ಲಿತ್ತು. ಉಡುಪಿನಲ್ಲಿ ಒಂದು ಸುಕ್ಕು ಕಂಡವರಿಲ್ಲ, ಅದಕ್ಕೇ ಆ ಹೆಸರು. ಒಳಗೆ ಹೋದವರ ಲೆಕ್ಕ ಯಾರೂ ಇಟ್ಟಿರಲಿಲ್ಲ. ಅಳುವ ಮಕ್ಕಳ ಮುಂದೆ ಅವನ ಹೆಸರೆತ್ತಿದರೆ ಮಕ್ಕಳಿಗಿಂತ ಮೊದಲು ದೊಡ್ಡವರ ಬಾಯಿ ಮುಚ್ಚುತ್ತಿತ್ತು. ಅಪ್ಪ ಕಾಣೆಯಾಗುವ ಮೊದಲಿನ ವಾರ ಮನೆಯಲ್ಲಿ ಕಪ್ಪು ಬಟ್ಟೆಯ ಪಟ್ಟಿಗಳ ಗುಡ್ಡೆ ಬಿದ್ದದ್ದು ಅವಳಿಗೆ ನೆನಪಿತ್ತು. ಮುಷ್ಕರಕ್ಕೆ ಕೂತ ಗಿರಣಿಯವರ ತೋಳಿಗೆಂದು ಅಪ್ಪ ಅವುಗಳ ಅಂಚು ಮಡಿಚಿ ಕೊಟ್ಟಿದ್ದರು. ಅಮ್ಮ ಮೂರು ದಿನ ಜೈಲಿನ ಬಾಗಿಲು ಕಾದಳು. ನಾಲ್ಕನೆಯ ದಿನ ಗುಮಾಸ್ತನೊಬ್ಬ, "ಅಂಥವರು ಯಾರೂ ಇಲ್ಲಿಗೆ ಬಂದಿಲ್ಲ. ಇನ್ನೊಂದು ಸಂಸಾರ ಏನಾದ್ರೂ ಇತ್ತಾ ವಿಚಾರಿಸಿ," ಅಂದ. ಅದೇ ವಾರ ಪಕ್ಕದ ಬೀದಿಯ ಕಾಲರ್ ಹೊಲಿಯುವ ಹೆಂಗಸು ಮನೆ ಖಾಲಿ ಮಾಡಿದ್ದಳು. ಅಷ್ಟು ಸಾಕಾಯಿತು, ಉಳಿದದ್ದನ್ನು ಬೀದಿಯ ಬಾಯಿಗಳು ಹೊಲಿದವು.

ಅಮ್ಮ ಅದನ್ನೇ ನಂಬಿದಳು. ಸತ್ತರು ಅಂದುಕೊಂಡರೆ ಅಳಬೇಕು, ಓಡಿಹೋದ ಅಂದುಕೊಂಡರೆ ಬೈಯಬಹುದು. ಮಗಳನ್ನು ಸಾಕಬೇಕಾದ ಹೆಂಗಸಿಗೆ ಬೈಗುಳವೇ ಹೆಚ್ಚು ಕೆಲಸಕ್ಕೆ ಬಂತು. ಅವತ್ತಿನವರೆಗೆ ಗಂಡನನ್ನು "ಅವರು" ಅನ್ನುತ್ತಿದ್ದವಳು ಅವತ್ತಿನಿಂದ "ಅವನು" ಅಂದಳು. "ಹೋಗ್ತೀನಿ ಅಂತ ಬಾಯಿಬಿಟ್ಟು ಹೇಳಿಯೇ ಹೋದನಲ್ಲೇ ಅವನು!" ಇದು ನಲವತ್ತಾರು ವರ್ಷ ಆ ಮನೆಯಲ್ಲಿ ತಿಂಗಳಿಗೊಮ್ಮೆಯಾದರೂ ಕೇಳಿಬಂದ ಮಾತು. ಸಾಹೇಬನ ಕಾಲ ಮುಗಿದು, ಜೈಲಿನಲ್ಲಿ ಸತ್ತವರ ಹೆಸರುಗಳ ಪಟ್ಟಿ ಬಂದಾಗ ಮಗಳು ಹೋಗಿ ಎರಡೆರಡು ಸಲ ಓದಿದಳು. ಅಪ್ಪನ ಹೆಸರಿರಲಿಲ್ಲ. ಸಾಹೇಬ ಮಾತ್ರ ಪರದೇಶಕ್ಕೆ ಹೋಗಿ, ಮೆತ್ತನೆಯ ಹಾಸಿಗೆಯಲ್ಲಿ, ತುಂಬಿದ ವಯಸ್ಸಿನಲ್ಲಿ ಸತ್ತ.

ಕಾಜಕ್ಕನಿಗೆ ಐವತ್ತೇಳು, ಅಮ್ಮನಿಗೆ ಎಂಬತ್ತನಾಲ್ಕು ಆಗಿದ್ದಾಗ ಒಂದು ಮಧ್ಯಾಹ್ನ ದರ್ಜಿ ಸಫಾರಿ ಮಾಸ್ತರು ಕಂಕುಳಲ್ಲಿ ಗಂಟು ಇಟ್ಟುಕೊಂಡು ಬಂದರು. ಸಫಾರಿ ಹೊಲಿಸುವವರು ಕಾಣೆಯಾಗಿ ಎಷ್ಟೋ ವರ್ಷವಾದರೂ ಅವರಿಗೆ ಅಂಟಿದ ಹೆಸರು ಬಿಟ್ಟಿರಲಿಲ್ಲ.

"ಕಾಜಕ್ಕ, ಇದು ಯಾರ ಕೋಟು ಅಂತ ಹೇಳಿದ್ರೆ ನೀವು ಕುರ್ಚಿ ಬಿಟ್ಟು ಏಳ್ತೀರಿ."

"ಕೈಲಿರೋ ಕಾಜಾ ಮುಗಿಯೋ ತನಕ ನಾನು ಏಳಲ್ಲ ಮಾಸ್ತರೇ. ಹೇಳಿ."

"ಇಸ್ತ್ರಿ ಸಾಹೇಬಂದು."

ಅವಳು ಏಳಲಿಲ್ಲ. ಸೂಜಿ ಮಾತ್ರ ನಿಂತಿತು.

ಮಾಸ್ತರು ಒಂದೇ ಉಸಿರಿಗೆ ಕತೆ ಹೇಳಿದರು. ಮೇಲಿನ ಬೀದಿಯ ಹಲ್ಲಿನ ಡಾಕ್ಟರಿಗೆ ಸಾಹೇಬನ ಸಾಮಾನು ಕೂಡಿಡುವ ಹುಚ್ಚಂತೆ. ಟೋಪಿ, ಕನ್ನಡಕ, ಪೆನ್ನು, ಎಲ್ಲ ಇದೆಯಂತೆ. ಈ ಕೋಟಿಗಾಗಿ ಒಂಬತ್ತು ವರ್ಷ ಅಲೆದಿದ್ದಾರಂತೆ. ಮುಂದಿನ ತಿಂಗಳು ಮನೆಯ ಮಹಡಿಯಲ್ಲಿ ಜನರಿಗೆ ತೋರಿಸಲು ಇಡುತ್ತಾರಂತೆ. ಹೊಟ್ಟೆಯ ಮೇಲಿನ ಒಂದು ಕಾಜಾ ಹರಿದಿದೆ, ಬಿಚ್ಚಿ ಹೊಸದಾಗಿ ಹಾಕಬೇಕು, ಕೈಯದೇ ಆಗಬೇಕು. "ನಾನು ಮೆಷಿನ್ನು ಅಂದಿದ್ದಕ್ಕೆ ಡಾಕ್ಟ್ರು ನನ್ನ ಹಲ್ಲು ಕೀಳೋ ಹಾಗೆ ನೋಡಿದ್ರು," ಎಂದು ನಕ್ಕರು. ಅವಳು ನಗಲಿಲ್ಲ. ಮಾಸ್ತರಿಗೆ ತಾನು ಆಡಿದ್ದು ಎಡವಟ್ಟಾಯಿತು ಅನ್ನಿಸಿತು. "ಬೇಡ ಅನ್ನಿಸಿದ್ರೆ ವಾಪಸ್ ಕೊಡ್ತೀನಿ ಕಾಜಕ್ಕ."

"ಇಟ್ಟು ಹೋಗಿ," ಅಂದಳು.

ಯಾಕೆ ಹಾಗಂದಳೋ ಅವಳಿಗೇ ತಿಳಿಯಲಿಲ್ಲ. ಮುಟ್ಟಲು ಹೇಸಿಗೆ, ನೋಡದೆ ಇರಲೂ ಆಗದು. ಆ ಮನುಷ್ಯನ ಎದೆ ಹೊಟ್ಟೆ ಮುಚ್ಚಿದ ಬಟ್ಟೆ ತನ್ನ ಮಡಿಲಲ್ಲಿ ಬಿದ್ದಿತ್ತು. ಅದು ದಪ್ಪ ಉಣ್ಣೆಯ ಬೂದು ಕೋಟು. ನುಸಿಗುಳಿಗೆಯ ವಾಸನೆ ಹೊಡೆಯುತ್ತಿತ್ತು. ಹಳೆಯ ಕೆಲಸ ನೋಡುವಾಗ ಮಾಡುವ ಹಾಗೆ, ಅಭ್ಯಾಸಬಲದಿಂದ, ಮೇಲಿನ ಕಾಜಾದ ಅಂಚಿನ ಮೇಲೆ ಹೆಬ್ಬೆರಳು ಎಳೆದಳು.

ಗಂಟುಗಳು ಎದುರಾದವು. ಇನ್ನೊಂದು ಕಡೆಯಿಂದ ಬಂದಿದ್ದವು.

ಎಡಗೈಯವರು ಲೋಕದಲ್ಲಿ ಒಬ್ಬರೇ ಏನು ಎಂದು ತನ್ನನ್ನು ತಾನೇ ಗದರಿಕೊಂಡಳು. ಭೂತಗನ್ನಡಿ ತಂದು, ಕೋಟನ್ನು ಕಿಟಕಿಗೆ ಹಿಡಿದು, ಒಳಮಗ್ಗುಲು ತಿರುಗಿಸಿ ನೋಡಿದಳು. ಕಂಡಿಯ ಕೊನೆಯಲ್ಲಿ ಅಡ್ಡಕ್ಕೆ ಬಿಗಿಯುವ ದಾರವನ್ನು ಎಲ್ಲರೂ ಎರಡು ಸುತ್ತು ಸುತ್ತುತ್ತಾರೆ. ಅಪ್ಪ ಮೂರು ಸುತ್ತು ಸುತ್ತಿ, ಉಳಿದ ತುದಿಯನ್ನು ಕತ್ತರಿಸದೆ ಬಟ್ಟೆಯ ಎರಡು ಪದರದ ನಡುವೆ ಹಿಂದಕ್ಕೆ ತೂರಿಸಿ ಬಚ್ಚಿಡುತ್ತಿದ್ದರು. "ದಾರಕ್ಕೂ ಒಂದು ಮನೆ ಬೇಕಲ್ಲ ಪುಟ್ಟಿ," ಅನ್ನುತ್ತಿದ್ದರು. ಮೂರು ಸುತ್ತು ಇತ್ತು. ತುದಿ ಹಿಂದಕ್ಕೆ ಹೋಗಿತ್ತು. ಮೊದಲ ಕಾಜಾದಲ್ಲಿ, ಎರಡನೆಯದರಲ್ಲಿ, ಮೂರನೆಯದರಲ್ಲಿ, ನಾಲ್ಕನೆಯದರಲ್ಲಿ.

ಐದನೆಯದು ಹರಿದದ್ದು. ಅದರ ಒಂದು ತುಟಿ, ಅಂದರೆ ಕಂಡಿಯ ಒಂದು ಬದಿಯ ಅಂಚು, ಮಾತ್ರ ಅಪ್ಪನದು. ತುದಿಯಲ್ಲಿ ದಾರ ತಿರುಗುವ ಜಾಗದಲ್ಲಿ ಅಪ್ಪನ ಗಂಟುಗಳು ನಿಂತುಹೋಗಿದ್ದವು. ಇನ್ನೊಂದು ತುಟಿಯನ್ನು ಬೇರೆ ಯಾರೋ ಬಲಗೈಯವರು, ಬೇರೆ ದಾರದಿಂದ, ಆ ಕೊನೆಯಿಂದ ಶುರು ಮಾಡಿ ತಂದು ಕೂಡಿಸಿದ್ದರು. ಆ ಕೈ ನಡುಗಿದ್ದೂ ತಿಳಿಯುತ್ತಿತ್ತು. ಎರಡು ದಾರ ಸೇರಿದ ಜಾಗದಲ್ಲೇ ಕಾಜಾ ಬಾಯಿಬಿಟ್ಟಿತ್ತು. ಆರನೆಯದು ಪೂರ್ತಿ ಆ ಎರಡನೆಯ ಕೈಯದು.

ನಾಲ್ಕೂವರೆ. ಮನೆಗೆ ಬೆಂಕಿ ಬಿದ್ದರೂ ಕಾಜಾ ಮುಗಿಸಿಯೇ ಏಳುವವರು ಅಲ್ಲಿಂದ ಎದ್ದು ಹೋಗಿದ್ದರು. ಯಾರು ಎಬ್ಬಿಸಿದರು, ಎಲ್ಲಿಗೆ ಕರೆದುಕೊಂಡು ಹೋದರು ಎಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಸಾಹೇಬ ತನ್ನ ಉಡುಪನ್ನು ಜೈಲಿನ ಕೈದಿಗಳ ಕೈಯಲ್ಲೇ ಹೊಲಿಸುತ್ತಿದ್ದುದು ಊರಿಗೆಲ್ಲ ಗೊತ್ತಿತ್ತು. ಅಪ್ಪ ಓಡಿಹೋಗಿರಲಿಲ್ಲ. ಯಾವ ಪಟ್ಟಿಯೂ ಹೇಳದ ಮಾತನ್ನು ಆ ಬೂದು ಬಟ್ಟೆ ಹೇಳಿಬಿಟ್ಟಿತ್ತು. ಕಾಜಕ್ಕ ಬಾಯಿಗೆ ಕೈ ಒತ್ತಿಕೊಂಡು, ಒಳಮನೆಗೆ ಕೇಳಿಸದ ಹಾಗೆ ಅತ್ತಳು.

ಎರಡು ದಿನ ಅಮ್ಮನಿಗೆ ಹೇಳಲಿಲ್ಲ. ಬೈದುಕೊಂಡೇ ಬದುಕಿದ ಜೀವ, ಈಗ ಹೇಳಿದರೆ ಆ ಬೈಗುಳದ ಊರುಗೋಲೂ ಹೋಗುತ್ತದೆ. ಹೇಳದೇ ಇದ್ದರೆ ಅಪ್ಪನಿಗೆ ಮೋಸ. ಮೂರನೆಯ ದಿನ ಕೋಟನ್ನು ಎತ್ತಿಕೊಂಡು ಹೋಗಿ ಅಮ್ಮನ ಮಂಚದ ಮೇಲಿಟ್ಟಳು. ಯಾರ ಕೋಟು ಎಂದು ಹೇಳಲಿಲ್ಲ. ಅಮ್ಮನಿಗೆ ಕಣ್ಣು ಮಂಜಾಗಿ ಆರು ವರ್ಷ. ಆದರೆ ಆ ಕಾಲದಲ್ಲಿ ಅಪ್ಪ ಕಾಜಾ ಹಾಕಿದರೆ ಎದುರು ಬದಿಯಲ್ಲಿ ಗುಂಡಿ ಹೊಲಿದವಳು ಅವಳೇ. ಹನ್ನೆರಡು ವರ್ಷ, ದಿನಕ್ಕೆ ಹತ್ತಾರು ಸಲ, ಗಂಡನ ಕಾಜಾದಲ್ಲಿ ಗುಂಡಿ ತೂರಿಸಿ ನೋಡಿದ ಬೆರಳುಗಳು.

"ಅಮ್ಮಾ, ಈ ಕಾಜಾ ಸ್ವಲ್ಪ ನೋಡು."

ಅಮ್ಮ ಹೆಬ್ಬೆರಳು ಎಳೆದಳು. ಮತ್ತೆ ಎಳೆದಳು. ಒಂದು, ಎರಡು, ಮೂರು, ನಾಲ್ಕು. ಐದನೆಯದರ ನಡುವೆ ಬೆರಳು ನಿಂತಿತು.

"ಯಾವನದು ಈ ಕೋಟು?"

ಮಗಳು ಹೇಳಿದಳು.

ಅಮ್ಮ ಕೋಟನ್ನು ದೂರ ತಳ್ಳಲಿಲ್ಲ, ಹತ್ತಿರಕ್ಕೂ ಎಳೆದುಕೊಳ್ಳಲಿಲ್ಲ. ಬೆರಳನ್ನು ಅಲ್ಲೇ ಇಟ್ಟುಕೊಂಡು ಕೇಳಿದಳು, "ಅರ್ಧಕ್ಕೇ ಎದ್ದು ಹೋದ್ರಾ ಅವರು?"

ನಲವತ್ತಾರು ವರ್ಷದ ಮೇಲೆ ಆ ಮನೆಯಲ್ಲಿ ಅಪ್ಪ ಮತ್ತೆ "ಅವರು" ಆದರು. ಕಾಜಕ್ಕ ಅಮ್ಮನ ಕಾಲ ಬಳಿ ಕೂತುಬಿಟ್ಟಳು.

"ನಾನು ಎಷ್ಟು ಬೈದೆನಲ್ಲೇ," ಅಂದಳು ಅಮ್ಮ. "ಜೈಲಲ್ಲಿ ಕೂತು ಕಾಜಾ ಹಾಕ್ತಿದ್ದವರನ್ನ, ಸತ್ತೋದವರನ್ನ, ಆ ಕಾಲರ್‌ನವಳ ಜೊತೆ ಕಟ್ಟಿ ಬೈದೆನಲ್ಲೇ. ಮೂರು ದಿನ ಬಾಗಿಲ ಹೊರಗೆ ನಿಂತಿದ್ದೆ. ಒಳಗೇ ಇದ್ರಲ್ಲೇ."

ಮಗಳು ಐದನೆಯ ಕಾಜಾದ ಮೇಲೆ ಕೈಯಿಟ್ಟು, "ಡಾಕ್ಟ್ರು ಇದನ್ನ ಬಿಚ್ಚಿ ಹೊಸದಾಗಿ ಹಾಕು ಅಂದಿದ್ದಾರೆ ಅಮ್ಮಾ. ಅಪ್ಪನ ಅರ್ಧ ಹಾಗೇ ಬಿಟ್ಟು, ಆ ಇನ್ನೊಬ್ಬರ ಅರ್ಧ ಬಿಚ್ಚಿ, ನಾನೇ ಪೂರ್ತಿ ಮಾಡ್ಲಾ?" ಅಂದಳು. ಎರಡು ದಿನದಿಂದ ಅವಳ ತಲೆಯಲ್ಲಿ ಅದೇ ಆಸೆ ಕೊರೆಯುತ್ತಿತ್ತು. ಆ ಕಡೆಯಿಂದ ಅಪ್ಪ, ಈ ಕಡೆಯಿಂದ ತಾನು, ಕಿಟಕಿಯ ಎದುರುಬದುರು ಕೂತ ಹಾಗೆ.

ಅಮ್ಮ ತಲೆಯಾಡಿಸಿದಳು. "ಬಿಚ್ಚಬೇಡ. ಆ ಇನ್ನರ್ಧ ಹಾಕಿದವರೂ ಯಾರದೋ ಮನೆಯವರು ಕಣೇ. ಅವರ ಮನೇಲೂ ಯಾರಾದ್ರೂ ಬೈಕೊಂಡು ಕೂತಿರ್ತಾರೆ."

ಮಾರನೆಯ ಬೆಳಗ್ಗೆ ಕಾಜಕ್ಕ ಕೆಲಸಕ್ಕೆ ರಜೆ ಹಾಕಿ, ಕೋಟನ್ನು ಹಾಗೇ ಗಂಟು ಕಟ್ಟಿಕೊಂಡು ತಾನೇ ಡಾಕ್ಟರ ಮನೆಗೆ ಹೋದಳು. ಮಾಸ್ತರ ಕೈಲಿ ಕಳಿಸುವ ಮಾತಲ್ಲ ಅದು.

ಡಾಕ್ಟರು ಒಳ್ಳೆಯವರೇ. ಕುರ್ಚಿ ಎಳೆದು ಕೂರಿಸಿದರು, ನೀರು ತರಿಸಿದರು. ದಿನವಿಡೀ ಬೇರೆಯವರ ಬಾಯಿ ತೆರೆಸುವವರಿಗೆ ತಮ್ಮದನ್ನು ತೆರೆಯುವ ಅವಕಾಶ ಸಿಕ್ಕಿದ್ದು ಖುಷಿಯಾಗಿರಬೇಕು, ಮಹಡಿಗೆ ಕರೆದುಕೊಂಡು ಹೋಗಿ ಒಂದೊಂದಾಗಿ ತೋರಿಸಿದರು. ಗಾಜಿನ ಕಪಾಟುಗಳು, ಒಳಗೆ ಸಣ್ಣ ದೀಪಗಳು. ಸಾಹೇಬನ ಟೋಪಿ. ಸಾಹೇಬನ ಬೂಟಿನ ಬ್ರಷ್ಷು. ಅರ್ಧ ಸವೆದ ಸಾಹೇಬನ ಸೋಪು ಕೂಡ ಒಂದು ಬಟ್ಟಲಲ್ಲಿತ್ತು. ಪ್ರತಿಯೊಂದರ ಕೆಳಗೆ ಬಿಳಿ ಚೀಟಿಯ ಮೇಲೆ ದುಂಡು ಅಕ್ಷರ. ಅಪ್ಪನ ಸೂಜಿಪೆಟ್ಟಿಗೆಯನ್ನು ಅಮ್ಮ ಸಿಟ್ಟಿನಲ್ಲಿ ಎಂದೋ ಎಸೆದಿದ್ದಳು. ಕೊಂದವನ ಸೋಪಿಗೆ ಇಲ್ಲಿ ದೀಪ ಹಚ್ಚಿಟ್ಟಿದ್ದರು.

"ಇದನ್ನೆಲ್ಲ ಯಾಕೆ ಇಟ್ಕೊಂಡಿದ್ದೀರಿ ಡಾಕ್ಟ್ರೇ?"

"ಎಲ್ಲರೂ ಕೇಳ್ತಾರೆ ಕಾಜಕ್ಕ. ನಾನೇನು ಅವನ ಅಭಿಮಾನಿ ಅಲ್ಲ. ನಾನು ಇಟ್ಕೊಳ್ಳದೇ ಹೋದ್ರೆ ಯಾರಾದ್ರೂ ಸುಟ್ಟುಹಾಕ್ತಾರೆ. ಆಮೇಲೆ ಇಂಥವನೊಬ್ಬ ಇದ್ದ ಅಂದ್ರೆ ಯಾರು ನಂಬ್ತಾರೆ?"

ಇವರನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಇವರು ಅಲೆದು ಹುಡುಕಿ ತಂದಿಲ್ಲದಿದ್ದರೆ ಅಪ್ಪನ ನಾಲ್ಕೂವರೆ ಕಾಜಾ ಎಲ್ಲಿ ಸಿಗುತ್ತಿತ್ತು? ಆ ಋಣವೂ ಇವರಿಗೇ ಸಲ್ಲಬೇಕಲ್ಲ ಎಂದು ಇನ್ನಷ್ಟು ಸಂಕಟವಾಯಿತು.

ಅಷ್ಟರಲ್ಲಿ ಡಾಕ್ಟರು ಅವಳನ್ನು ಅಲ್ಲಿನ ಕುರ್ಚಿಯಲ್ಲಿ ಕೂರಿಸಿ, ಮೇಜಿನ ಮೇಲಿದ್ದ ಹಿತ್ತಾಳೆಯ ಗಂಟೆಯೊಂದನ್ನು ತೋರಿಸಿದರು. "ಇದು ಅವನ ಮೇಜಿನದು. ಒತ್ತಿದ್ರೆ ಕಾವಲಿನವರು ಕೆಳಗಿನ ಕೆಲಸದ ಮನೆಯಿಂದ ಒಬ್ಬೊಬ್ಬರನ್ನ ಕರ್ಕೊಂಡು ಬರ್ತಿದ್ರಂತೆ. ಬಂದವರೆಲ್ಲ ಒಂದ್ಸಲ ಒತ್ತಿ ನೋಡ್ತಾರೆ." ಹೇಳುತ್ತಲೇ ಒತ್ತಿದರು.

ಟಿಂಗ್ ಎಂದಿತು. ಚಿಕ್ಕ, ಚೊಕ್ಕ ಸದ್ದು. ಕೂತಿದ್ದ ಕಾಜಕ್ಕ ಎದ್ದು ನಿಂತುಬಿಟ್ಟಳು. ಅಪ್ಪನನ್ನು ಕಾಜಾದ ನಡುವೆ ಎಬ್ಬಿಸಬಲ್ಲದ್ದು ಲೋಕದಲ್ಲಿ ಏನಿತ್ತು ಎಂದು ನಾಲ್ಕು ದಿನದಿಂದ ಕೇಳಿಕೊಂಡಿದ್ದಳು. ಈಗ ಕೇಳಿಸಿತು.

ನಿಂತುಕೊಂಡೇ ಎಲ್ಲ ಹೇಳಿದಳು. ಕೋಟಿನ ಗಂಟು ಬಿಚ್ಚಿ, ಎಲ್ಲಿಯವರೆಗೆ ಅಪ್ಪ, ಎಲ್ಲಿಂದ ಇನ್ನೊಬ್ಬರು ಎಂದು ತೋರಿಸಿದಳು. ಡಾಕ್ಟರ ಕಣ್ಣು ಅರಳುತ್ತ ಹೋಯಿತು. ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಅವರಿಗೂ ನೋವಾಗಿರಬಹುದು. ಆದರೆ ಬಾಯಿಂದ ಹೊರಟದ್ದು ಬೇರೆ. "ಅಯ್ಯೋ ಕಾಜಕ್ಕ, ಇದ್ರಿಂದ ಕೋಟಿನ ತೂಕ ಎಷ್ಟು ಜಾಸ್ತಿ ಆಯ್ತು ಗೊತ್ತಾ? ಅವನೇ ಕೊಲ್ಲಿಸಿದ ದರ್ಜಿಯ ಕೈಕೆಲಸ! ಇಂಥ ವಸ್ತು ಎಲ್ಲೂ ಇಲ್ಲ. ನಿಮ್ಮ ತಂದೆ ಹೆಸರು ಚೀಟೀಲಿ ಬರೆಸ್ತೀನಿ. ನಿಮ್ಮದೊಂದು ಫೋಟೋ..."

ಬರುವಾಗ ಅವಳೂ ಅದನ್ನೇ ಕೇಳಬೇಕು ಎಂದುಕೊಂಡಿದ್ದಳು. ಎಲ್ಲಿಯೂ ಇಲ್ಲದ ಅಪ್ಪನ ಹೆಸರು ಒಂದು ಚೀಟಿಯ ಮೇಲಾದರೂ ಇರಲಿ ಎಂದು. ಈಗ ಆ ಚೀಟಿ ಕಣ್ಣಿಗೆ ಕಟ್ಟಿತು. ಮೇಲೆ ಸಾಹೇಬನ ಹೆಸರು ದೊಡ್ಡದಾಗಿ, ಕೆಳಗೆ ಅಪ್ಪನದು, ಆ ಟೋಪಿ ಸೋಪುಗಳ ಸಾಲಿನಲ್ಲಿ. ಸಾಹೇಬನ ಸಾಮಾನಿಗೆ ಅಪ್ಪ ಇನ್ನೊಂದು ಸಾಮಾನು.

"ಬೇಡ ಡಾಕ್ಟ್ರೇ. ಈ ಕೋಟು ನಮಗೆ ಕೊಡಿ. ನಿಮಗೆ ಬೇರೆ ಎಷ್ಟೊಂದು ಇದೆ. ನಮಗೆ ಇದೊಂದೇ."

ಡಾಕ್ಟರು ಕೈ ಮುಗಿದರು. "ಅದೊಂದು ಮಾತ್ರ ಕೇಳಬೇಡಿ. ಒಂಬತ್ತು ವರ್ಷ ಹುಡುಕಿದ್ದೀನಿ."

"ನಾವು ನಲವತ್ತಾರು ವರ್ಷ ಹುಡುಕಿದ್ದೀವಿ," ಅಂದಳು. ಅವರು ತಲೆ ತಗ್ಗಿಸಿದರು, ಕೋಟನ್ನು ಮಾತ್ರ ಬಿಡಲಿಲ್ಲ.

"ಹಾಗಾದ್ರೆ ಕಾಜಾ ಬಿಚ್ಚಿಸಬೇಡಿ. ಒಳಮಗ್ಗುಲು ಹೊರಗೆ ಮಾಡಿ ಇಡಿ. ಬಂದವರು ಈ ಇಬ್ಬರ ಕೈ ನೋಡ್ಲಿ. ಅವನ ಹೆಸರು ಬರೀಬೇಡಿ."

ಡಾಕ್ಟರು ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ ಹೇಳಿದರು. "ಅವನ ಹೆಸರಿಲ್ಲದೆ ಬರೀ ಕಾಜಾ ನೋಡೋಕೆ ಯಾರು ಬರ್ತಾರೆ ಕಾಜಕ್ಕ?"

ಅದು ನಿಜವೇ ಆಗಿತ್ತು. ಕೋಟನ್ನು ಮೇಜಿನ ಮೇಲೆ ಮಡಿಚಿಟ್ಟು, ಐದನೆಯ ಕಾಜಾದ ಮೇಲೆ ಒಮ್ಮೆ ಬೆರಳಾಡಿಸಿ, ಅವಳು ಮೆಟ್ಟಿಲಿಳಿದು ಬಂದಳು.

ಹತ್ತು ದಿನ ಕಳೆದ ಮೇಲೆ ಸಫಾರಿ ಮಾಸ್ತರು ಬಾಗಿಲಲ್ಲೇ ನಿಂತು ಹೇಳಿದರು. "ನಾನು ಮುಟ್ಟಲಿಲ್ಲ ಕಾಜಕ್ಕ, ಆಗಲ್ಲ ಅಂದೆ. ನಾಲ್ಕು ಹೇಗೂ ಇದೆ, ಹರಿದಿದ್ದನ್ನ ಜನರಿಗೆ ತೋರಿಸೋಕಾಗಲ್ಲ ಅಂತ ಡಾಕ್ಟ್ರು, ಕೈಯಲ್ಲಿ ಹಾಕೋರು ಸಿಗದೆ, ಬೇರೆ ಎಲ್ಲೋ ಕೊಟ್ಟು ಬಿಚ್ಚಿ ಹಾಕಿಸಿದ್ರಂತೆ. ಮೆಷಿನ್ನಲ್ಲಿ." ಅವಳು ಹೂಂ ಅಂದಳು.

ಅಮ್ಮನಿಗೆ ಅದನ್ನು ಹೇಳಲಿಲ್ಲ. ಅಮ್ಮ ಮಾತು ಕಡಿಮೆ ಮಾಡಿದ್ದಳು. ಬೈಗುಳ ನಿಂತ ಮನೆ ಭಣಭಣ ಅನ್ನುತ್ತಿತ್ತು. ದಿನಕ್ಕೊಮ್ಮೆ ಕೇಳುತ್ತಿದ್ದಳು, "ಆ ಕೋಟು ಇನ್ನೊಂದ್ಸಲ ತರೋಕಾಗುತ್ತೇನೇ? ಸುಮ್ನೆ ಒಂದ್ಸಲ ಮುಟ್ತೀನಿ." ನೋಡೋಣ ಅಮ್ಮಾ ಎಂದು ಮಗಳು ಮಾತು ತೇಲಿಸುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಬೂದು ಉಣ್ಣೆಯ ತುಂಡೊಂದನ್ನು ಹುಡುಕಿ, ಕಂಡಿ ಕತ್ತರಿಸಿ, ಸೂಜಿಯನ್ನು ಎಡಗೈಗೆ ತೆಗೆದುಕೊಂಡಳು. ಐವತ್ತೇಳು ವರ್ಷ ಸೂಜಿ ಹಿಡಿಯದ ಕೈ. ಚುಚ್ಚಿಕೊಂಡಳು, ಬಿಚ್ಚಿದಳು, ಮತ್ತೆ ಹಾಕಿದಳು. ಇಪ್ಪತ್ತು ನಿಮಿಷದ ಕೆಲಸದ ಅರ್ಧಕ್ಕೆ ಮೂರು ಗಂಟೆ ಹಿಡಿಯಿತು. ಒಂದು ತುಟಿ ಮುಗಿದು, ದಾರ ತಿರುಗುವ ತುದಿ ಬಂದಾಗ ನಿಲ್ಲಿಸಿದಳು. ಹುಟ್ಟಿದಾರಭ್ಯ ಕಾಜಾ ನಡುವೆ ಬಿಟ್ಟವಳಲ್ಲ. ಅವತ್ತು ಬಿಟ್ಟು ಎದ್ದಳು.

"ಅಮ್ಮಾ, ಡಾಕ್ಟ್ರು ಕೋಟಿಂದ ಅಷ್ಟು ತುಂಡು ಕತ್ತರಿಸಿ ಕೊಟ್ರು," ಎಂದು ಸುಳ್ಳು ಹೇಳಿ ಅಮ್ಮನ ಕೈಗಿಟ್ಟಳು.

ಅಮ್ಮ ಹೆಬ್ಬೆರಳು ಎಳೆದಳು. ಒಂದೇ ಸಲ.

"ಇದು ಅವರದಲ್ಲ ಕಣೇ," ಅಂದಳು. "ನಿಂದು."

ಕಾಜಕ್ಕ ನಾಚಿಕೆಯಿಂದ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಕೈ ಚಾಚಿದಳು. ಅಮ್ಮ ಕೊಡಲಿಲ್ಲ. ತುಂಡನ್ನು ಮುಷ್ಟಿಯೊಳಗೆ ಮಡಿಚಿ ಹಿಡಿದುಕೊಂಡು, "ಇರ್ಲಿ ಬಿಡು," ಎಂದು ಗೋಡೆಯ ಕಡೆ ಮಗ್ಗುಲಾದಳು.